ವಿಡಿಯೋ ಕರೆ ಬಂದಾಗ ಏನು ಮಾಡುತ್ತೀರಿ? ಕ್ರಾಸ್‌ಡ್ರೆಸರ್‌ಗಳ ಖಾಸಗಿತನದ ಬಗ್ಗೆ ಆನ್‌ಲೈನ್ ವೇದಿಕೆಯೊಂದರಲ್ಲಿ ಒಂದು ಚರ್ಚೆ (ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಮುಸ್ಸಂಜೆ

ಮನೆಯಲ್ಲಿ ಬಿಡುವು ಸಿಕ್ಕಾಗ ಹೆಣ್ಣುಡುಗೆ ತೊಡುವ ಗಂಡಸರಲ್ಲಿ, ಅಂದರೆ ಕ್ರಾಸ್‌ಡ್ರೆಸರ್‌ಗಳಲ್ಲಿ, ನಾನೂ ಒಬ್ಬ. ಹೆಂಡತಿಗೆ ಗೊತ್ತು. ಉಳಿದವರಿಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಮೊದಲೆಲ್ಲ ಚಿಲಕ ಹಾಕಿ ಪರದೆ ಎಳೆದರೆ ಸಾಕಾಗುತ್ತಿತ್ತು. ಫೋನ್ ಬಂದರೆ ಎತ್ತಿಕೊಂಡು ಮಾಮೂಲಿ ದನಿಯಲ್ಲಿ ಮಾತನಾಡುತ್ತಿದ್ದೆ. ನಾನು ಏನು ತೊಟ್ಟಿದ್ದೇನೆ ಎಂಬುದು ಆ ಕಡೆಯವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಈಗ ಅಕ್ಕನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರೂ ನೇರವಾಗಿ ವಿಡಿಯೋ ಕರೆಯನ್ನೇ ಮಾಡುತ್ತಾರೆ. ತುಟಿಯ ಬಣ್ಣ ಒರೆಸಿ, ವಿಗ್ ತೆಗೆದು, ಒಂದು ಅಂಗಿ ಏರಿಸಿಕೊಳ್ಳುವಷ್ಟರಲ್ಲಿ ಕರೆ ನಿಂತುಹೋಗಿರುತ್ತದೆ. ತಿರುಗಿ ಮಾಡಿದರೆ ಮುಖ ಯಾಕೆ ಕೆಂಪಗಿದೆ, ಹಣೆಯ ಮೇಲೆ ಅದೇನು ಗೆರೆ ಎಂದು ವಿಚಾರಣೆ. ಗೆರೆ ವಿಗ್‌ನ ಕೆಳಗೆ ಹಾಕುವ ಟೋಪಿಯದು. ಹೋಗಲು ಕಾಲು ಗಂಟೆಯಾದರೂ ಬೇಕು.

ನನ್ನ ಮೊದಲ ಪ್ರಶ್ನೆ ತಾಂತ್ರಿಕವಾದದ್ದು. ಕರೆ ರಿಂಗ್ ಆಗುತ್ತಿರುವಾಗಲೇ ನನ್ನ ಮುಖ ಪರದೆಯ ತುಂಬ ಕಾಣುತ್ತದಲ್ಲ, ಅದು ಆ ಕಡೆಯವರಿಗೂ ಕಾಣುತ್ತದೆಯೇ? ಎರಡನೆಯದು, ನೀವೆಲ್ಲ ಇಂಥ ಕರೆಗಳನ್ನು ಹೇಗೆ ನಿಭಾಯಿಸುತ್ತೀರಿ?

ಬೀಗದಕೈ

ಮೊದಲನೆಯದಕ್ಕೆ ಉತ್ತರ: ಕಾಣುವುದಿಲ್ಲ. ವಾಟ್ಸ್‌ಆ್ಯಪ್ ಇರಲಿ, ಐಫೋನಿನ ಫೇಸ್‌ಟೈಮ್ ಇರಲಿ, ರಿಂಗ್ ಆಗುವಾಗ ಪರದೆಯಲ್ಲಿ ಕಾಣುವ ಮುಖ ನಿಮ್ಮ ಕಣ್ಣಿಗೆ ಮಾತ್ರ. ನೀವು ಕರೆ ಸ್ವೀಕರಿಸಿದ ಮೇಲೆಯೇ ಚಿತ್ರ ಆಚೆ ಹೋಗುತ್ತದೆ. ಧ್ವನಿ ಕರೆಯ ನಡುವೆ ಯಾರಾದರೂ ವಿಡಿಯೋಗೆ ಬದಲಿಸಲು ಹೊರಟರೂ ನಿಮ್ಮ ಒಪ್ಪಿಗೆ ಕೇಳುವ ಸೂಚನೆ ಬರುತ್ತದೆ.

ಆದರೆ ಕರೆ ಮಾಡುವವರ ವಿಷಯ ಬೇರೆ. 2016ರಲ್ಲಿ ಗೂಗಲ್ ಡ್ಯುವೋ ಎಂಬ ವಿಡಿಯೋ ಕರೆಯ ಆ್ಯಪ್ ಬಂದಾಗ ಅದರಲ್ಲಿ ‘ನಾಕ್ ನಾಕ್’ ಎಂಬ ಸೌಲಭ್ಯವಿತ್ತು. ಈ ಕಡೆಯವರು ಫೋನ್ ಎತ್ತುವ ಮುಂಚೆಯೇ ಕರೆ ಮಾಡಿದವರ ನೇರ ದೃಶ್ಯ ಇವರ ಪರದೆಯ ಮೇಲೆ ಮೂಡುತ್ತಿತ್ತು. ಕೈತಪ್ಪಿ ಒಂದು ಹೆಸರಿನ ಮೇಲೆ ಬೆರಳು ಬಿದ್ದಿದ್ದರೆ ಗತಿ ಏನು ಎಂದು ಯೋಚಿಸಿ. ಆದ್ದರಿಂದ ಬಣ್ಣ ಹಚ್ಚಿಕೊಂಡಿರುವಾಗ ಬರುವ ಕರೆಗಿಂತ, ಕೈತಪ್ಪಿ ಹೋಗುವ ಕರೆಗೆ ನಾನು ಹೆಚ್ಚು ಹೆದರುತ್ತೇನೆ.

ಇನ್ನು 2019ರ ಜನವರಿಯ ಪ್ರಸಂಗ ಕೆಲವರಿಗೆ ನೆನಪಿರಬಹುದು. ಫೇಸ್‌ಟೈಮ್‌ನ ಗುಂಪು ಕರೆಯಲ್ಲಿ ದೋಷವೊಂದು ಪತ್ತೆಯಾಯಿತು. ಕರೆ ಸ್ವೀಕರಿಸದಿದ್ದರೂ ಈ ಕಡೆಯ ಮಾತು ಆ ಕಡೆಗೆ ಕೇಳಿಸುತ್ತಿತ್ತು. ರಿಂಗ್ ನಿಲ್ಲಿಸಲೆಂದು ಪವರ್ ಗುಂಡಿ ಒತ್ತಿದರಂತೂ ಚಿತ್ರವೂ ಹೋಗುತ್ತಿತ್ತು. ಆ್ಯಪಲ್ ಕೆಲಕಾಲ ಗುಂಪು ಕರೆಯನ್ನೇ ಸ್ಥಗಿತಗೊಳಿಸಿ ಅದನ್ನು ಸರಿಪಡಿಸಿತು. ಇಂಥದ್ದು ದಿನಬೆಳಗಾದರೆ ನಡೆಯುವುದಿಲ್ಲ, ಆದರೆ ನಡೆದದ್ದುಂಟು. ಅಪ್‌ಡೇಟ್ ಬಂದಾಗ ನಾಳೆ ನೋಡೋಣ ಎಂದು ತಳ್ಳಬೇಡಿ.

ಹಳೆಯತಂತಿ

ಈ ಸಂಕಟಕ್ಕೆ ದೊಡ್ಡ ಇತಿಹಾಸವಿದೆ. 1964ರಲ್ಲಿ ನ್ಯೂಯಾರ್ಕ್‌ನ ವಿಶ್ವ ಮೇಳದಲ್ಲಿ ಅಮೆರಿಕದ ಟೆಲಿಫೋನ್ ಕಂಪನಿ ಬೆಲ್, ಮಾತನಾಡುವವರ ಮುಖವನ್ನೂ ತೋರಿಸುವ ಪಿಕ್ಚರ್‌ಫೋನ್ ಎಂಬ ಯಂತ್ರವನ್ನು ಪ್ರದರ್ಶಿಸಿತು. ಜನ ಸಾಲಿನಲ್ಲಿ ನಿಂತು ನೋಡಿದರು. 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇವೆ ಶುರುವಾಯಿತು, ಆದರೆ ಕೊಳ್ಳುವವರೇ ಸಿಗಲಿಲ್ಲ. ಬೆಲೆ ದುಬಾರಿ ಎಂಬುದು ಒಂದು ಕಾರಣ. ಮನೆಯಲ್ಲಿ ಇದ್ದ ಹಾಗೆ ಇರುವಾಗ ಇನ್ನೊಬ್ಬರ ಕಣ್ಣಿಗೆ ಬೀಳಲು ಜನರಿಗೆ ಮನಸ್ಸಿರಲಿಲ್ಲ ಎಂಬುದು ಇನ್ನೊಂದು. ಅವರು ಯಾರೂ ಕ್ರಾಸ್‌ಡ್ರೆಸರ್‌ಗಳಲ್ಲ, ತಲೆ ಬಾಚಿಕೊಳ್ಳದೆ ಕುಳಿತ ಸಾಮಾನ್ಯ ಸಂಸಾರಿಗಳು.

ಆಮೇಲೆ 1999ರಲ್ಲಿ ಜಪಾನಿನ ಕ್ಯೋಸೆರಾ ಕಂಪನಿ ಮೊಬೈಲ್‌ನಲ್ಲೇ ಚಿತ್ರ ಕಳಿಸುವ ಫೋನ್ ತಂದಿತು. ಸೆಕೆಂಡಿಗೆ ಎರಡೇ ಚಿತ್ರ, ಮುಖ ಜರ್ಕು ಹೊಡೆಯುತ್ತಾ ಕಾಣುತ್ತಿತ್ತು. 2001ರಲ್ಲಿ ಅಲ್ಲಿಯೇ 3ಜಿ ಬಂದಾಗ ವಿಡಿಯೋ ಕರೆಯೇ ಅದರ ದೊಡ್ಡ ಆಕರ್ಷಣೆ ಎಂದು ಸಾರಿದರು. ಜನ ಆಗಲೂ ಅಷ್ಟಾಗಿ ಮೂಸಿ ನೋಡಲಿಲ್ಲ. 2010ರಲ್ಲಿ ಐಫೋನ್ 4ರೊಂದಿಗೆ ಫೇಸ್‌ಟೈಮ್, 2016ರಲ್ಲಿ ವಾಟ್ಸ್‌ಆ್ಯಪ್ ವಿಡಿಯೋ ಕರೆ ಬಂದವು. ಆಮೇಲೆ ಅದು ಮನೆಮನೆಯ ರೂಢಿಯಾಯಿತು.

ನಮ್ಮವರ ಮಟ್ಟಿಗೆ ಕ್ಯಾಮೆರಾ ಯಾವಾಗಲೂ ಶತ್ರುವೇ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಒಂದು ಕಾಲದಲ್ಲಿ ಫೋಟೊ ತೆಗೆಸಿದರೆ ಅದನ್ನು ತೊಳೆಸಲು ಸ್ಟುಡಿಯೊಗೆ ಕೊಡಬೇಕಿತ್ತು, ಅಲ್ಲಿ ಯಾರು ನೋಡುತ್ತಾರೋ ಎಂಬ ಭಯ. 1948ರಲ್ಲಿ ಮಾರಾಟಕ್ಕೆ ಬಂದ ಪೊಲರಾಯ್ಡ್ ಕ್ಯಾಮೆರಾ ಆ ಭಯವನ್ನು ಕಳೆಯಿತು. ಚಿತ್ರ ಕ್ಯಾಮೆರಾದಿಂದಲೇ ಹೊರಬರುತ್ತಿತ್ತು, ಮೂರನೆಯವರ ಕೈಗೆ ಹೋಗುವ ಮಾತೇ ಇರಲಿಲ್ಲ. ಆದರೂ 1960ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ‘ಕಾಸಾ ಸುಸಾನಾ’ ಎಂಬ ತಂಗುಮನೆಯಲ್ಲಿ ಸೇರುತ್ತಿದ್ದ ಕ್ರಾಸ್‌ಡ್ರೆಸರ್‌ಗಳ ಫೋಟೊಗಳು ಹಲವು ದಶಕಗಳ ಮೇಲೆ ಹಳೆ ಸಾಮಾನಿನ ಸಂತೆಯಲ್ಲಿ ಯಾರದೋ ಕೈಗೆ ಸಿಕ್ಕು, 2005ರಲ್ಲಿ ಪುಸ್ತಕವಾಗಿ ಹೊರಬಂದವು. ಎಷ್ಟು ಚೆಂದದ ಚಿತ್ರಗಳೆಂದರೆ, ಅವು ಉಳಿದದ್ದು ಒಳ್ಳೆಯದಾಯಿತು ಎಂದೇ ನನಗೂ ಅನಿಸುತ್ತದೆ. ಅದರಲ್ಲಿರುವವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ತೆರೆಮರೆ

ಮುಸ್ಸಂಜೆಯವರೇ, ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನೀವು ಹೆಣ್ಣುಡುಗೆಯಲ್ಲಿದ್ದಾಗ ಮಾತ್ರ ವಿಡಿಯೋ ಕರೆ ಎತ್ತುವುದಿಲ್ಲ, ಮಿಕ್ಕ ಹೊತ್ತಿನಲ್ಲಿ ಎತ್ತುತ್ತೀರಿ ಎಂದಿಟ್ಟುಕೊಳ್ಳಿ. ಆಗ ನೀವು ಎತ್ತದೇ ಇರುವುದೇ ಒಂದು ಸುಳಿವಾಗುತ್ತದೆ. ‘ಶನಿವಾರ ಸಂಜೆ ಇವನು ಮುಖ ತೋರಿಸುವುದಿಲ್ಲವಲ್ಲ’ ಎಂದು ಅಕ್ಕ ಇಂದಲ್ಲ ನಾಳೆ ಲೆಕ್ಕ ಹಾಕುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಇದು.

ನಾನು ಅನುಸರಿಸುವ ಕ್ರಮ ಹೀಗಿದೆ: ಮಾಮೂಲಿ ಬಟ್ಟೆಯಲ್ಲಿ, ಕ್ಷೌರ ಮಾಡಿಕೊಂಡು, ಮುಖ ತೊಳೆದುಕೊಂಡು, ಯಾವ ಆತಂಕವೂ ಇಲ್ಲದೆ ಕುಳಿತಿದ್ದಾಗಲೂ ವಿಡಿಯೋ ಕರೆಯನ್ನು ಕತ್ತರಿಸುತ್ತೇನೆ. ಮರುಕ್ಷಣವೇ ಧ್ವನಿ ಕರೆ ಮಾಡುತ್ತೇನೆ. ‘ವಿಡಿಯೋ ನನಗೆ ಒಗ್ಗುವುದಿಲ್ಲ, ಹೇಳಿ’ ಎಂದು ವಿಷಯಕ್ಕೆ ಇಳಿಯುತ್ತೇನೆ. ಕಾರಣ ಕೊಡುವುದಿಲ್ಲ. ಕ್ಯಾಮೆರಾ ಕೆಟ್ಟಿದೆ, ನೆಟ್‌ವರ್ಕ್ ಸರಿಯಿಲ್ಲ ಎಂಬ ಸುಳ್ಳುಗಳನ್ನು ಹೇಳಲೇಬಾರದು. ರಿಪೇರಿ ಮಾಡಿಸು ಎನ್ನುತ್ತಾರೆ, ಹಬ್ಬಕ್ಕೆ ಹೊಸ ಫೋನ್ ಕೊಡಿಸಿಯೂಬಿಡುತ್ತಾರೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿ ಕೊನೆಗೆ ಯಾರಿಗೆ ಏನು ಹೇಳಿದ್ದೆ ಎಂಬುದೇ ನೆನಪಿರುವುದಿಲ್ಲ. ‘ಇಷ್ಟವಿಲ್ಲ’ ಎಂಬುದು ಸುಳ್ಳಲ್ಲ, ಅದನ್ನು ನೆನಪಿಟ್ಟುಕೊಳ್ಳಬೇಕಾಗಿಯೂ ಇಲ್ಲ.

ಮೊದಮೊದಲು ಮನೆಯವರು ಮುನಿಸಿಕೊಂಡರು. ಈಗ ‘ಅವನಿಗೆ ವಿಡಿಯೋ ಎಂದರೆ ಅಲರ್ಜಿ’ ಎಂದು ಅವರೇ ಬೇರೆಯವರಿಗೆ ಹೇಳುತ್ತಾರೆ. ನನಗೆ ಬೇಕಾಗಿದ್ದದ್ದು ಆ ಹೆಸರೇ.

ಮುಸ್ಸಂಜೆ

ನೆಂಟರ ಮಟ್ಟಿಗೆ ಇದು ಸರಿ. ಕಚೇರಿಗೆ? ಮನೆಯಿಂದ ಕೆಲಸ ಮಾಡುವ ದಿನ ‘ಎಲ್ಲರೂ ಕ್ಯಾಮೆರಾ ಹಾಕಿ’ ಎಂದು ಆದೇಶ ಬರುತ್ತದೆ. ಇನ್ನು ಅಕ್ಕನ ವಿಷಯದಲ್ಲಿ, ಮಗುವನ್ನು ತೋರಿಸಲು ಕರೆ ಮಾಡುವವಳಿಗೆ ಅಲರ್ಜಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ತೆರೆಮರೆ

ಮಗುವಿನ ಮಾತು ಒಪ್ಪಿದೆ. ಅದಕ್ಕೆ ಹೊತ್ತು ನಿಗದಿ ಮಾಡಿಕೊಳ್ಳಿ. ‘ಭಾನುವಾರ ಬೆಳಗ್ಗೆ ನಾನೇ ಮಾಡುತ್ತೇನೆ’ ಎಂದು ಹೇಳಿ, ತಪ್ಪದೆ ಮಾಡಿ. ಹೇಳಿದ ಹೊತ್ತಿಗೆ ಮುಖ ತೋರಿಸುವವನನ್ನು ಹೇಳದ ಹೊತ್ತಿನಲ್ಲಿ ಯಾರೂ ಪೀಡಿಸುವುದಿಲ್ಲ.

ಕಚೇರಿಯ ಕೆಲಸದ ವೇಳೆಯಲ್ಲಿ ಹೆಣ್ಣುಡುಗೆ ಬೇಡ ಎಂದೇ ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಇಲ್ಲಿ ಇದ್ದಾರೆ, ಗೊತ್ತು.

ಬೀಗದಕೈ

ತೆರೆಮರೆಯವರ ಮಾತು ನಡವಳಿಕೆಗೆ ಸಂಬಂಧಿಸಿದ್ದು. ಬೆರಳು ತಪ್ಪಿದಾಗ ನಡವಳಿಕೆ ಕಾಯುವುದಿಲ್ಲ, ಆಗ ಫೋನೇ ಕಾಯಬೇಕು.

ನನ್ನ ಫೋನಿನಲ್ಲಿ ಕರೆ ಮಾಡುವ ಯಾವ ಆ್ಯಪ್‌ಗೂ ಕ್ಯಾಮೆರಾ ಅನುಮತಿ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ತೆಗೆದುಹಾಕಿದರೆ, ಯಾವ ಗುಂಡಿ ಒತ್ತಿದರೂ ಆ ಆ್ಯಪ್‌ನಿಂದ ಚಿತ್ರ ಹೋಗುವುದಿಲ್ಲ. ಬೇಕಾದಾಗ ಕೊಟ್ಟು ಆಮೇಲೆ ಹಿಂಪಡೆಯಬಹುದು. ಆಂಡ್ರಾಯ್ಡ್ 11ರಿಂದ ಈಚೆಗೆ ‘ಈ ಬಾರಿ ಮಾತ್ರ’ ಎಂಬ ಆಯ್ಕೆಯೂ ಇದೆ. ಆಂಡ್ರಾಯ್ಡ್ 12ರಲ್ಲಿ ಇನ್ನೊಂದು ಅನುಕೂಲ ಬಂತು: ಮೇಲಿನಿಂದ ಎಳೆಯುವ ಪಟ್ಟಿಯಲ್ಲಿ ಇಡೀ ಫೋನಿನ ಕ್ಯಾಮೆರಾವನ್ನೂ ಮೈಕನ್ನೂ ಒಂದೇ ಒತ್ತಿಗೆ ಬಂದ್ ಮಾಡುವ ಗುಂಡಿಗಳು. ವಿಗ್ ಕೈಗೆತ್ತಿಕೊಳ್ಳುವ ಮುಂಚೆ ಆ ಗುಂಡಿ ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ಐಫೋನಿನಲ್ಲಿ ಹಾಗೆ ಒಟ್ಟಾರೆ ಬಂದ್ ಮಾಡುವ ಗುಂಡಿ ಇಲ್ಲ, ಪ್ರತಿ ಆ್ಯಪ್‌ಗೂ ಬೇರೆಬೇರೆಯಾಗಿ ಅನುಮತಿ ತೆಗೆಯಬೇಕು. ಪರದೆಯ ಮೇಲ್ತುದಿಯಲ್ಲಿ ಹಸಿರು ಚುಕ್ಕೆ ಕಂಡರೆ ಕ್ಯಾಮೆರಾ (ಆಂಡ್ರಾಯ್ಡ್‌ನಲ್ಲಾದರೆ ಕ್ಯಾಮೆರಾ ಅಥವಾ ಮೈಕ್) ಕೆಲಸ ಮಾಡುತ್ತಿದೆ ಎಂದು ಅರ್ಥ. ಇದು ಐಫೋನಿಗೆ 2020ರಲ್ಲಿ ಬಂತು, ಆಂಡ್ರಾಯ್ಡ್‌ಗೆ ಮರುವರ್ಷ.

ಅಪರಿಚಿತರ ಕರೆಗಳ ಕಾಟವಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ 2023ರಿಂದ ಅವನ್ನು ಸದ್ದಿಲ್ಲದಂತೆ ಮಾಡುವ ಆಯ್ಕೆ ಇದೆ. ಹಾಕಿಕೊಳ್ಳಿ.

ಆದರೆ ನಾನು ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಕರೆಯ ಬಗ್ಗೆ ಅಲ್ಲ, ಫೋಟೊಗಳ ಬಗ್ಗೆ. ವಿಡಿಯೋ ಕರೆಯಲ್ಲಿ ಸಿಕ್ಕಿಬಿದ್ದವರಿಗಿಂತ ಗ್ಯಾಲರಿಯಿಂದ ಸಿಕ್ಕಿಬಿದ್ದವರೇ ಹೆಚ್ಚು ಎಂದು ನನ್ನ ಪರಿಚಯದವರನ್ನು ನೋಡಿದರೆ ಅನಿಸುತ್ತದೆ. ಫೋನಿನಲ್ಲಿ ತೆಗೆದ ಚಿತ್ರ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್‌ನಲ್ಲಿರುವ ನಿಮ್ಮ ಸಂಗ್ರಹಕ್ಕೆ ಏರುತ್ತದೆ, ಅಲ್ಲಿಂದ ಅದೇ ಖಾತೆಯಲ್ಲಿರುವ ಮನೆಯ ಟ್ಯಾಬ್ಲೆಟ್‌ಗೆ ಇಳಿಯುತ್ತದೆ. ಟ್ಯಾಬ್ಲೆಟ್ ಮಗಳ ಕೈಯಲ್ಲಿರುತ್ತದೆ. ಸಾಲದೆಂಬಂತೆ, ‘ಹಿಂದಿನ ವರ್ಷ ಈ ದಿನ’ ಎಂದು ಹಳೆಯ ಚಿತ್ರಗಳನ್ನು ಫೋನ್ ತಾನೇ ಹೆಕ್ಕಿ ಮುಂದಿಡುತ್ತದೆ. ಐಫೋನಿನ ‘ಹಿಡನ್’ ಆಲ್ಬಂ 2022ರ ತನಕ ಹೆಸರಿಗಷ್ಟೇ ಗುಪ್ತವಾಗಿತ್ತು, ಆ ವರ್ಷದ ಐಒಎಸ್ 16ರಲ್ಲಿ ಅದಕ್ಕೆ ಬೀಗ ಬಂತು. ಆಂಡ್ರಾಯ್ಡ್ 15ರಲ್ಲಿ ‘ಪ್ರೈವೇಟ್ ಸ್ಪೇಸ್’ ಇದೆ, ಸ್ಯಾಮ್‌ಸಂಗ್‌ನಲ್ಲಿ ‘ಸೆಕ್ಯೂರ್ ಫೋಲ್ಡರ್’ ಮೊದಲಿನಿಂದಲೂ ಇದೆ. ಬಳಸಿ. ಅದಕ್ಕೂ ಮೊದಲು ಕ್ಲೌಡ್‌ಗೆ ಏರುವುದನ್ನು ನಿಲ್ಲಿಸಿ.

ಜೊತೆಗಾತಿ

ನನ್ನ ಪತಿ ಕ್ರಾಸ್‌ಡ್ರೆಸರ್. ನಾನು ಇಲ್ಲಿ ಓದುತ್ತೇನೆಯೇ ಹೊರತು ಬರೆಯುವುದು ಕಡಿಮೆ. ಆದರೆ ಒಂದು ವಿಷಯವನ್ನು ಯಾರೂ ಎತ್ತಲಿಲ್ಲ. ನೀವೆಲ್ಲ ನಿಮ್ಮ ಫೋನಿನ ಬಗ್ಗೆ ಮಾತನಾಡುತ್ತಿದ್ದೀರಿ. ಮನೆಯಲ್ಲಿ ಇರುವುದು ನಿಮ್ಮ ಫೋನ್ ಒಂದೇ ಅಲ್ಲ.

ತಂಗಿ ನನಗೆ ವಿಡಿಯೋ ಕರೆ ಮಾಡುತ್ತಾಳೆ. ನಾನು ಹಾಲ್‌ನಲ್ಲಿ ಕುಳಿತು ಮಾತನಾಡುತ್ತಿರುತ್ತೇನೆ. ಇವರು ಕೋಣೆಯಿಂದ ನೀರು ಕುಡಿಯಲು ಹೊರಬಂದರೆ ನನ್ನ ಹೆಗಲ ಹಿಂದೆ ಕಾಣಿಸಿಕೊಳ್ಳುತ್ತಾರೆ. ಅವರ ಕ್ಯಾಮೆರಾಕ್ಕೆ ಎಷ್ಟು ಬೀಗ ಹಾಕಿದ್ದರೇನು? ಒಮ್ಮೆ ಹೀಗೇ ಆಗುವುದರಲ್ಲಿತ್ತು. ಅವರು ಬಾಗಿಲು ತೆರೆದ ಸದ್ದು ಕೇಳಿ ನಾನು ಫೋನನ್ನು ಸೋಫಾದ ಮೇಲೆ ಬೋರಲು ಹಾಕಿದೆ. ಏನಾಯಿತು ಅಕ್ಕಾ ಎಂದು ತಂಗಿ ಕೂಗುತ್ತಿದ್ದಳು, ನನಗೆ ನಗು ಬರುತ್ತಿತ್ತು, ಇವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ವಿಡಿಯೋ ಕರೆ ಎತ್ತುವ ಮೊದಲು ನಾನು ‘ಹಲೋ, ಹೇಳು’ ಎಂದು ಮನೆಯೆಲ್ಲ ಕೇಳುವಂತೆ ಹೇಳುತ್ತೇನೆ. ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ, ಆಗ ಹಿಂದೆ ಯಾರೂ ಓಡಾಡಲಾಗುವುದಿಲ್ಲ. ಎದುರಿನ ಕನ್ನಡಿಯನ್ನು ಬೇರೆ ಗೋಡೆಗೆ ಸ್ಥಳಾಂತರಿಸಿದೆವು. ಕನ್ನಡಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಕ್ಯಾಮೆರಾ ಇಟ್ಟುಕೊಳ್ಳುತ್ತದೆ. ಬಟ್ಟೆ ಒಣಹಾಕಿದ ಹಗ್ಗ, ಮೂಲೆಯಲ್ಲಿ ಬಿಟ್ಟ ದೊಡ್ಡ ಅಳತೆಯ ಹೈಹೀಲ್ಡ್ ಚಪ್ಪಲಿ ಇವೂ ಹಾಗೆಯೇ. ನನ್ನ ಪಾದದ ಅಳತೆ ತಂಗಿಗೆ ಗೊತ್ತಿದೆ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಗುಟ್ಟು ಕಾಯುವ ಕೆಲಸ ಅವರದಷ್ಟೇ ಅಲ್ಲ, ನನ್ನದೂ ಆಗಿದೆ. ಅದು ನನ್ನ ಆಯ್ಕೆ, ದೂರುತ್ತಿಲ್ಲ. ಆದರೆ ಹೆಂಡತಿಗೆ ಗೊತ್ತು ಎಂದು ಬರೆದು ಮುಂದೆ ಹೋಗುವವರು, ಅವಳ ಪಾಲಿನ ಕೆಲಸವೇನು ಎಂದು ಒಮ್ಮೆ ಅವಳನ್ನೇ ಕೇಳಿ.

ಮುಸ್ಸಂಜೆ

ನನಗೆ ಹೇಳಿದ್ದು ಎಂದು ಗೊತ್ತಾಯಿತು. ಇವತ್ತೇ ಕೇಳುತ್ತೇನೆ.

ಹೊಸಹೆಜ್ಜೆ

ನಾನು ಹೊಸಬ. ನನ್ನ ಸಮಸ್ಯೆ ತಿರುಗಾಮುರುಗ. ಮನೆಯವರಿಂದ ಅಡಗಿಕೊಳ್ಳುವುದು ಕಷ್ಟವಾಗುತ್ತಿಲ್ಲ, ನನ್ನಂಥವರ ಜೊತೆ ಮಾತನಾಡಲು ಹೊರಟಾಗಲೇ ಸಿಕ್ಕಿಹಾಕಿಕೊಳ್ಳುತ್ತೇನೆ. ಎರಡು ದಿನ ಬರಹದಲ್ಲಿ ಮಾತುಕತೆ ಆದ ಮೇಲೆ ‘ವಿಡಿಯೋಗೆ ಬಾ, ಇಲ್ಲವಾದರೆ ನೀನು ನಕಲಿ ಎಂದು ತಿಳಿಯುತ್ತೇನೆ’ ಎನ್ನುತ್ತಾರೆ. ಅವರ ಅನುಮಾನವೂ ನ್ಯಾಯವೇ ತಾನೆ? ಒಬ್ಬರು ತುಂಬ ಒಳ್ಳೆಯವರಂತೆ ಕಾಣುತ್ತಾರೆ, ಅವರ ಸಂಖ್ಯೆ [ಸಂಖ್ಯೆಯನ್ನು ತೆಗೆದುಹಾಕಲಾಗಿದೆ. ಬೇರೆಯವರ ಸಂಪರ್ಕ ವಿವರಗಳನ್ನು ಇಲ್ಲಿ ಹಾಕಬೇಡಿ. – ನಿರ್ವಾಹಕರು] ಇವರು ಯಾರಿಗಾದರೂ ಪರಿಚಯವೇ?

ತೆರೆಮರೆ

ಅನುಮಾನ ನ್ಯಾಯವೇ ಇರಬಹುದು, ಅವಸರ ನ್ಯಾಯವಲ್ಲ. ಎರಡೇ ದಿನಕ್ಕೆ ಮುಖ ಕೇಳುವವರಿಂದ ದೂರ ಇರಿ. ಇಂಥ ಕರೆಯನ್ನು ಆ ಕಡೆ ರೆಕಾರ್ಡ್ ಮಾಡಿಕೊಂಡರೆ ನಿಮಗೆ ತಿಳಿಯುವುದೇ ಇಲ್ಲ ಎಂದು ತಿಳಿದುಕೊಂಡೇ ಮಾತಿಗೆ ಕೂರಬೇಕು. ಆ್ಯಪ್ ತಡೆದರೂ ಎದುರಿಗೆ ಇನ್ನೊಂದು ಫೋನ್ ಹಿಡಿದು ಚಿತ್ರೀಕರಿಸಬಹುದಲ್ಲ. ಒಬ್ಬರೇ ಇದ್ದಾರೆ ಎಂದುಕೊಂಡ ಕರೆಗೆ ನಡುವೆ ಇನ್ನೊಬ್ಬರನ್ನು ಸೇರಿಸಲೂ ಬರುತ್ತದೆ.

ಹಳೆಯತಂತಿ

ಇದಕ್ಕೂ ಒಂದು ಹಳೆಯ ಉದಾಹರಣೆ ಇದೆ. ಕ್ರಾಸ್‌ಡ್ರೆಸರ್‌ಗಳಿಗಾಗಿ ಪತ್ರಿಕೆ ನಡೆಸುತ್ತಿದ್ದ ಅಮೆರಿಕದ ವರ್ಜೀನಿಯಾ ಪ್ರಿನ್ಸ್ ಅವರು 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕ್ರಾಸ್‌ಡ್ರೆಸರ್‌ಗಳ ಗುಟ್ಟಿನ ಕೂಟವೊಂದನ್ನು ಕಟ್ಟಿದರು. ಮೊದಲ ಸಭೆಗೆ ಬರುವವರೆಲ್ಲ ಮಾಮೂಲಿ ಗಂಡುಡುಗೆಯಲ್ಲೇ ಬಂದು, ಒಂದು ಜೊತೆ ಸ್ಟಾಕಿಂಗ್ಸ್ ಮತ್ತು ಹೀಲ್ಸ್ ತರಬೇಕಿತ್ತು. ಎಲ್ಲರೂ ಸೇರಿದ ಮೇಲೆ ಅವನ್ನು ಒಂದೇ ಹೊತ್ತಿಗೆ ತೊಟ್ಟುಕೊಂಡರು. ಒಬ್ಬರನ್ನೊಬ್ಬರು ಹಿಡಿದುಕೊಡಲು ಆಗದಂತೆ ಎಲ್ಲರೂ ಸಮಾನವಾಗಿ ಸಿಕ್ಕಿಕೊಂಡರು ಎನ್ನಿ. ಹೊಸಹೆಜ್ಜೆಯವರೇ, ನಿಮ್ಮನ್ನು ಮುಖ ಕೇಳುವವರು ತಮ್ಮ ಮುಖವನ್ನು ಅದೇ ಕ್ಷಣದಲ್ಲಿ ತೋರಿಸುತ್ತಾರೆಯೇ ಎಂದು ಮೊದಲು ನೋಡಿ.

ಬೀಗದಕೈ

ಸೊಗಸಾದ ಉದಾಹರಣೆ, ಆದರೆ ಇವತ್ತಿಗೆ ಒಗ್ಗುವುದಿಲ್ಲ. ಆ ಕೋಣೆಯಲ್ಲಿದ್ದವರು ರಕ್ತಮಾಂಸದ ಮನುಷ್ಯರು. ಈಗ ಪರದೆಯ ಮೇಲೆ ಕಾಣುವ ಮುಖ ಬೇರೆ ಯಾರದೋ ಹಳೆಯ ವಿಡಿಯೋ ಇರಬಹುದು, ಕಂಪ್ಯೂಟರ್ ಸೃಷ್ಟಿಸಿದ್ದೂ ಇರಬಹುದು. ಅವರು ಮುಖ ತೋರಿಸಿದರು ಎಂಬ ಕಾರಣಕ್ಕೆ ನೀವು ತೋರಿಸಬೇಡಿ.

ಹೊಸಬರಿಗೆ ನಾನು ಹೇಳುವುದು ಇಷ್ಟು. ನಿಮ್ಮ ನಿಜವಾದ ಸಂಖ್ಯೆಯಿಂದ ಆರಂಭಿಸಬೇಡಿ. ಸಿಗ್ನಲ್ ಎಂಬ ಸಂದೇಶ ಆ್ಯಪ್‌ನಲ್ಲಿ 2024ರಿಂದ ಬಳಕೆದಾರ ಹೆಸರಿನ ಮೂಲಕ ಸಂಪರ್ಕಿಸಬಹುದು. ನೋಂದಣಿಗೆ ಸಂಖ್ಯೆ ಬೇಕೇ ಬೇಕು, ಆದರೆ ಎದುರಿನವರಿಗೆ ಅದು ಕಾಣುವುದಿಲ್ಲ. ಗುಟ್ಟಿನ ಖಾತೆಗೆ ನಿಮ್ಮ ಫೋನಿನ ಸಂಪರ್ಕ ಪಟ್ಟಿಯನ್ನು ಓದಲು ಬಿಡಬೇಡಿ. ಬಿಟ್ಟರೆ ‘ಇವರು ನಿಮಗೆ ಗೊತ್ತಿರಬಹುದು’ ಎಂದು ನಿಮ್ಮ ಹೆಣ್ಣುಹೆಸರಿನ ಖಾತೆಯನ್ನು ಸಹೋದ್ಯೋಗಿಯ ಮುಂದೆ ಹಿಡಿಯಲು ಕೆಲವು ಜಾಲತಾಣಗಳು ಹಿಂದೆಮುಂದೆ ನೋಡುವುದಿಲ್ಲ.

ಮೇಕಪ್ ಮಾಡಿಕೊಂಡರೆ ಯಾರಿಗೂ ಗುರುತು ಸಿಗದು ಎಂಬ ಧೈರ್ಯ ಹಲವರಿಗೆ ಇದೆ. ಪರಿಚಿತರ ಕಣ್ಣಿಗೆ ಅದು ನಿಜವಿರಬಹುದು. ಮುಖದ ಚಿತ್ರ ಕೊಟ್ಟರೆ ಅದೇ ಮುಖವಿರುವ ಪುಟಗಳನ್ನು ಹುಡುಕಿಕೊಡುವ ಪಿಮ್‌ಐಸ್‌ನಂಥ ಜಾಲತಾಣಗಳ ಮುಂದೆ ವಿಗ್ಗನ್ನು ನಂಬಿ ಕೂರಬೇಡಿ. ಅವು ನೋಡುವುದು ಕೂದಲನ್ನಲ್ಲ, ಮುಖವನ್ನು.

ಅರೆಗನ್ನಡಿ

ಬೆದರಿಕೆಯ ಅನುಭವ ಆಗಿರುವವಳು ನಾನು, ಅದರ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಕರೆಯನ್ನು ರೆಕಾರ್ಡ್ ಮಾಡಿಕೊಂಡವನು ಆರು ಸೆಕೆಂಡಿನ ತುಣುಕು ಕಳಿಸಿ, ನಿನ್ನ ಸ್ನೇಹಿತರ ಪಟ್ಟಿ ನನ್ನ ಬಳಿ ಇದೆ, ಹಣ ಹಾಕು ಎಂದ. ಪಟ್ಟಿಯ ಚಿತ್ರವನ್ನೂ ಕಳಿಸಿದ. ಅದು ನಿಜವಾದ ಪಟ್ಟಿಯೇ, ನನ್ನ ಖಾತೆಯಲ್ಲಿ ಎಲ್ಲರಿಗೂ ಕಾಣುವಂತಿದ್ದದ್ದು.

ಹಣ ಕೊಡಲಿಲ್ಲ. ಕೊಟ್ಟರೆ ಮುಗಿಯುವುದಿಲ್ಲ, ಕೊಡುವವಳು ಎಂದು ಗೊತ್ತಾಗುತ್ತದೆ ಅಷ್ಟೆ. ಉತ್ತರ ಬರೆಯುವುದನ್ನು ನಿಲ್ಲಿಸಿದೆ. ಅವನ ಖಾತೆಯ ವಿಳಾಸ, ಸಂದೇಶಗಳು, ಹಣ ಹಾಕಲು ಕೊಟ್ಟ ವಿವರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ, ಆಮೇಲೆ ಬ್ಲಾಕ್ ಮಾಡಿದೆ. ಮೊದಲು ಬ್ಲಾಕ್ ಮಾಡಿದರೆ ಸಾಕ್ಷ್ಯವೂ ಹೋಗಬಹುದು, ಕ್ರಮ ನೆನಪಿಟ್ಟುಕೊಳ್ಳಿ. ಆ ತಾಣಕ್ಕೂ ಪೊಲೀಸರಿಗೂ ದೂರು ಕೊಟ್ಟೆ. ಪೊಲೀಸ್ ಠಾಣೆಯಲ್ಲಿ ‘ನೀನು ಯಾಕೆ ಹಾಗೆ ಉಟ್ಟಿದ್ದೆ’ ಎಂಬ ಪ್ರಶ್ನೆ ಬಂತು. ‘ಬೆದರಿಸಿದ್ದು ಅವನು’ ಎಂದಷ್ಟೇ ಹೇಳಿದೆ. ಅದೇ ರಾತ್ರಿ ಅಣ್ಣನಿಗೆ ನಾನೇ ಹೇಳಿದೆ. ಆ ಒಂದು ಮಾತು ಹೇಳಿದ ಮೇಲೆ ಬೆದರಿಸುವವನ ಕೈಯಲ್ಲಿದ್ದ ಅಸ್ತ್ರ ಅರ್ಧ ಮೊಂಡಾಯಿತು.

ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹರಡುವುದನ್ನು ತಡೆಯಲು ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ 2021ರಿಂದ ಇದೆ. ಚಿತ್ರ ನಿಮ್ಮ ಫೋನಿನಿಂದ ಆಚೆ ಹೋಗುವುದಿಲ್ಲ, ಅದರಿಂದ ತಯಾರಾದ ಹ್ಯಾಶ್ ಎಂಬ ಸಂಕೇತ ಮಾತ್ರ ಹೋಗುತ್ತದೆ. ಭಾಗವಹಿಸುವ ಕಂಪನಿಗಳು ಅದೇ ಚಿತ್ರ ತಮ್ಮ ತಾಣದಲ್ಲಿ ಬಂದರೆ ತಡೆಯುತ್ತವೆ. ಆದರೆ ಅದು ನಗ್ನ, ಅರೆನಗ್ನ ಅಥವಾ ಲೈಂಗಿಕ ಚಿತ್ರಗಳಿಗೆ ಮಾತ್ರ. ಮೈತುಂಬ ಗೌನ್ ತೊಟ್ಟು ನಿಂತ ಗಂಡಸಿನ ಚಿತ್ರ ಅವರ ಲೆಕ್ಕದಲ್ಲಿ ‘ಖಾಸಗಿ ಚಿತ್ರ’ವೇ ಅಲ್ಲ. ನಮ್ಮ ಕಷ್ಟ ಇರುವುದೇ ಅಲ್ಲಿ: ಮರ್ಯಾದೆಯಾಗಿ ಬಟ್ಟೆ ತೊಟ್ಟ ಫೋಟೊ ಒಂದು ನಮ್ಮ ಕೆಲಸವನ್ನೂ ಸಂಸಾರವನ್ನೂ ಅಲುಗಿಸಬಲ್ಲುದು ಎಂಬುದು ನಿಯಮ ಬರೆದವರ ಕಲ್ಪನೆಗೆ ಬಂದಿಲ್ಲ.

ನೇರನುಡಿ

ಇಷ್ಟೆಲ್ಲ ಓದಿದ ಮೇಲೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬಟ್ಟೆ ತಾನೆ? ಎಲ್ಲರಿಗೂ ಹೇಳಿಬಿಟ್ಟರೆ ಈ ಬೀಗ, ಬೇರೆ ಖಾತೆ, ಗೋಡೆಗೆ ಬೆನ್ನು ಇವೆಲ್ಲ ಏಕೆ ಬೇಕು? ಅಡಗಿದಷ್ಟೂ ಜನ ಇದನ್ನು ಕಳ್ಳತನ ಎಂದೇ ನೋಡುತ್ತಾರೆ.

ಜೊತೆಗಾತಿ

ಹೇಳಿಬಿಡುವವರು ಹೇಳಲಿ, ಅವರ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ಹೇಳುವ ದಿನ, ಹೇಳುವ ಬಾಯಿ, ಕೇಳುವ ಕಿವಿ ಇವು ಅವರವರ ಆಯ್ಕೆ. ಕೈತಪ್ಪಿ ಒತ್ತಿದ ಗುಂಡಿ ಅದನ್ನು ತೀರ್ಮಾನಿಸಬಾರದು. ನಾನು ಮನೆಯಲ್ಲಿ ಹಾಡಿಕೊಳ್ಳುತ್ತೇನೆ. ನಾಚಿಕೆಯಿಂದ ಬಾಗಿಲು ಮುಚ್ಚುವುದಿಲ್ಲ, ಸುಮ್ಮನೆ ಮುಚ್ಚುತ್ತೇನೆ.

ನೇರನುಡಿ

ಒಪ್ಪಿದೆ. ಆದರೂ ಕೆಲವರಾದರೂ ಹೇಳದಿದ್ದರೆ ಉಳಿದವರ ಭಯ ಹೋಗುವುದಿಲ್ಲ ಎಂಬ ನನ್ನ ಮಾತು ಹಾಗೆಯೇ ಇರಲಿ.

ಅರೆಗನ್ನಡಿ

ಅದೂ ಇರಲಿ. ಹೊಸಹೆಜ್ಜೆಯವರು ಹೆದರಿ ಓಡಿಹೋಗದಿರಲಿ ಎಂದು ಇನ್ನೊಂದು ಮಗ್ಗುಲನ್ನೂ ಹೇಳಿಬಿಡುತ್ತೇನೆ. ಅಷ್ಟೆಲ್ಲ ಆದ ಮೇಲೂ ನಾನು ವಿಡಿಯೋ ಕರೆ ಬಿಟ್ಟಿಲ್ಲ. 2020ರಲ್ಲಿ ಎಲ್ಲರೂ ಮನೆಯೊಳಗೆ ಕುಳಿತಾಗ ನಮ್ಮ ಚಿಕ್ಕ ಗುಂಪು ವಿಡಿಯೋದಲ್ಲಿ ಸೇರತೊಡಗಿತು. ಅಲ್ಲಿಯವರೆಗೆ ನನ್ನನ್ನು ಈ ಉಡುಗೆಯಲ್ಲಿ ನೋಡಿದ್ದದ್ದು ಬೀರುವಿನ ಬಾಗಿಲಿನ ಕನ್ನಡಿ ಮಾತ್ರ. ‘ಆ ಕಿವಿಯೋಲೆ ನಿಮಗೆ ಒಪ್ಪುತ್ತದೆ’ ಎಂದು ಒಬ್ಬರು ಹೇಳಿದಾಗ ಏನನಿಸಿತು ಎಂಬುದನ್ನು ಇಲ್ಲಿರುವವರಿಗೆ ವಿವರಿಸಬೇಕಿಲ್ಲ.

ಹೊಸಬರು ಬಂದಾಗ ಮೊದಲು ಕೆಲವು ವಾರ ಬರಹದಲ್ಲಿ ಮಾತು, ಆಮೇಲೆ ಧ್ವನಿ. ಅದಾದ ಮೇಲೆ ಕತ್ತಿನಿಂದ ಕೆಳಗೆ ಮಾತ್ರ ತೋರಿಸುವ ವಿಡಿಯೋ, ಉಡುಗೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಕೆಲವರು ವರ್ಷಗಟ್ಟಲೆ ಅಲ್ಲಿಯೇ ನಿಂತಿದ್ದಾರೆ, ಯಾರೂ ಒತ್ತಾಯಿಸುವುದಿಲ್ಲ. ಹಿಂದೆ ಖಾಲಿ ಗೋಡೆ ಇರಬೇಕು. ಹಿನ್ನೆಲೆ ಮಸುಕು ಮಾಡುವ ಸೌಲಭ್ಯವನ್ನು ನೆಚ್ಚಬೇಡಿ, ತಲೆ ಅಲ್ಲಾಡಿಸಿದಾಗ ಅಂಚಿನಲ್ಲಿ ಒಂದು ಕ್ಷಣ ಹಿಂದಿನದೆಲ್ಲ ಇಣುಕುತ್ತದೆ. ಮದುವೆಯ ಫೋಟೊ ಹಾಗೆ ಇಣುಕಿದ್ದನ್ನು ನಾನೇ ನೋಡಿದ್ದೇನೆ. ಕಿಟಕಿ ಬೇಡ, ಆಚೆಯ ಕಟ್ಟಡದ ಹೆಸರು ಓದಬಹುದು. ಕರೆಯಲ್ಲಿ ಪರದೆ ಹಂಚಿಕೊಳ್ಳುವುದಂತೂ ಬೇಡವೇ ಬೇಡ, ಕಚೇರಿಯ ಸಂದೇಶ ಹೆಸರು ಸಮೇತ ಮೇಲೆ ಬಂದು ಕೂರುತ್ತದೆ.

ಹೊಸಹೆಜ್ಜೆ

ಎಲ್ಲರಿಗೂ ಧನ್ಯವಾದ. ನಾನು ಸಂಖ್ಯೆ ಹಾಕಿದ್ದೆನಲ್ಲ, ಅವರಿಗೆ ‘ಸದ್ಯಕ್ಕೆ ಬರಹವೇ ಸಾಕು’ ಎಂದು ಬರೆದೆ. ಬಾಯಿಗೆ ಬಂದಂತೆ ಬೈದು ಬ್ಲಾಕ್ ಮಾಡಿದರು.

ತೆರೆಮರೆ

ಅಗ್ಗದಲ್ಲಿ ಮುಗಿಯಿತು.

ಮುಸ್ಸಂಜೆ

ನಾನು ಕ್ಯಾಮೆರಾ ಅನುಮತಿಗಳನ್ನು ತೆಗೆದೆ. ಮುಂದಿನ ಕ್ಯಾಮೆರಾದ ಮೇಲೆ ಒಂದು ಸ್ಟಿಕರ್ ಕೂಡ ಅಂಟಿಸಿದೆ. ಆದರೆ ಈಗ ಮಾತನಾಡುವಾಗ ಕಿವಿಗೆ ಹಿಡಿದರೆ ಪರದೆ ತಾನೇ ಕಪ್ಪಾಗಿಬಿಡುತ್ತದೆ, ಕೆಳಗಿಳಿಸಿದರೂ ಬೆಳಗುವುದಿಲ್ಲ. ಕೊನೆಗೆ ಕರೆ ಕತ್ತರಿಸಲೂ ಆಗದೆ ಅಕ್ಕನ ಮಾತನ್ನು ಪೂರ್ತಿ ಕೇಳಬೇಕಾಯಿತು. ಇನ್ನೊಂದು, ಫೋನಿನಲ್ಲಿ ಎಲ್ಲ ಬಂದ್ ಮಾಡಿದರೂ ಅದೇ ಕರೆ ಟ್ಯಾಬ್ಲೆಟ್‌ನಲ್ಲಿ ಬಡಿದುಕೊಳ್ಳುತ್ತದೆ.

ಬೀಗದಕೈ

ಸ್ಟಿಕರ್ ದೊಡ್ಡದಾಯಿತು. ಕ್ಯಾಮೆರಾದ ಪಕ್ಕದಲ್ಲೇ, ಫೋನ್ ಕಿವಿಯ ಹತ್ತಿರ ಇದೆಯೇ ಎಂದು ತಿಳಿಯುವ ಸೆನ್ಸರ್ ಇರುತ್ತದೆ. ಅದನ್ನು ಮುಚ್ಚಿದರೆ ಫೋನ್ ಸದಾ ಕಿವಿಯಲ್ಲೇ ಇದೆ ಎಂದು ಅದು ಭಾವಿಸುತ್ತದೆ. ಸ್ಟಿಕರ್‌ನಿಂದ ಲೆನ್ಸ್ ಮುಚ್ಚುವಷ್ಟು ಮಾತ್ರ ಚುಕ್ಕೆ ಕತ್ತರಿಸಿ ಅಂಟಿಸಿ.

ಟ್ಯಾಬ್ಲೆಟ್‌ನಲ್ಲಿ ಅದೇ ಖಾತೆ ಇರುವುದರಿಂದ ಅಲ್ಲಿಯೂ ರಿಂಗ್ ಆಗುತ್ತದೆ. ಐಪ್ಯಾಡ್ ಆದರೆ ಅದರದೇ ಸೆಟ್ಟಿಂಗ್ಸ್‌ನಲ್ಲಿ ಫೇಸ್‌ಟೈಮ್ ಆಫ್ ಮಾಡಿ. ವಾಟ್ಸ್‌ಆ್ಯಪ್ ಆದರೆ ಫೋನಿನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಯಾವುದೆಲ್ಲ ಸಾಧನಗಳು ಸೇರಿಕೊಂಡಿವೆ ನೋಡಿ, ಬೇಡವಾದದ್ದನ್ನು ಲಾಗ್ ಔಟ್ ಮಾಡಿ. ಹಳೆಯ ಕಚೇರಿಯ ಕಂಪ್ಯೂಟರ್ ಇನ್ನೂ ಆ ಪಟ್ಟಿಯಲ್ಲಿ ಇಲ್ಲ ತಾನೆ?

ಮುಸ್ಸಂಜೆ

ಇತ್ತು. ತೆಗೆದೆ.